ಇಪ್ಪತ್ತೇಳೋ ಇಪ್ಪತ್ತೆಂಟೋ

ಬೊಝೆನಾಳ ಸೈಕಲ್ಲು ಮತ್ತೆ ತನ್ನ ಮನೆಯ ಗೋಡೆಗೇ ಒರಗಿರುವುದನ್ನು ಕಂಡು ಶೆಫ್‌ನ ಹೊಟ್ಟೆಯೊಳಗೆ ಉರಿ ಎದ್ದಿತು. ಈ ವಾರದಲ್ಲಿ ಇದು ಮೂರನೆಯ ಸಲ. ಹಿತ್ತಲ ಬಾಗಿಲಿನಿಂದ ಅಡುಗೆಮನೆಗೆ ಹೋದರೆ ಅವನ ಹೆಂಡತಿ ರೀಟ್ ಕಾಫಿ ಬಗ್ಗಿಸುತ್ತಿದ್ದಳು, ಬಿಸ್ಕತ್ತಿನ ಡಬ್ಬಿ ಬಾಯಿ ತೆರೆದುಕೊಂಡೇ ಕೂತಿತ್ತು. ಬಂದವರಿಗೆ ಕಾಫಿಯ ಜೊತೆ ಒಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚಿಬಿಡುವುದು ನಮ್ಮ ಡಚ್ ಹಳ್ಳಿ ವೆಲ್ಡ್‌ಹೌಟ್‌ನ ಪದ್ಧತಿ. ಪಾದ್ರಿ ಬಂದರೂ ಒಂದೇ. ಬೊಝೆನಾಳ ತಟ್ಟೆಯಲ್ಲಿ ಎರಡಿದ್ದವು.

"ಬಾರಪ್ಪ, ಬಾ," ಎಂದಳು ರೀಟ್. "ಇವಳಿಗೆ ಲಂಡನ್ನಿನ ಹಳೇ ಯುದ್ಧದ ದಫ್ತರದಿಂದ ಕಾಗದ ಬಂದಿದೆ ನೋಡು."

"ನಂಗೂ ಬಂದಿತ್ತು. ಮೂವತ್ತು ವರ್ಷದ ಹಿಂದೆ."

"ನಿಂಗೆ ಬಂದಿದ್ದು ಸ್ಕಾಟ್‌ಲೆಂಡಿನವರ ಬಗ್ಗೆ. ಇದು ಪೋಲೆಂಡಿನ ಸೈನ್ಯದ ದಿನಚರಿ."

ಬೊಝೆನಾ ಎದ್ದು ನಿಂತಳು. ಅವಳಿಗೆ ನಲವತ್ತಾರು ವರ್ಷ. ಹದಿನೈದು ವರ್ಷದ ಹಿಂದೆ ಪೋಲೆಂಡಿನಿಂದ ನಮ್ಮೂರಿನ ಅಣಬೆ ಶೆಡ್ಡಿಗೆ ಕೂಲಿಗೆ ಬಂದವಳು, ಈಗ ಅಲ್ಲೇ ಮೇಲ್ವಿಚಾರಕಿ. "ಕೂತ್ಕೊಳಿ ಶೆಫ್ ಅವರೇ, ನಿಮ್ಗೇ ತೋರಿಸ್ಬೇಕು ಅಂತ ಬಂದೆ," ಎಂದಳು.

ತನ್ನ ಮನೆಯಲ್ಲಿ ತನಗೇ ಕೂತ್ಕೋ ಅನ್ನುತ್ತಾಳಲ್ಲ ಇವಳು ಎಂದು ಶೆಫ್‌ಗೆ ಮೈ ಪರಚಿಕೊಳ್ಳುವ ಹಾಗಾಯಿತು. ಅವನು ನಿಂತೇ ಇದ್ದ.

ಶೆಫ್ ಯಾರೆಂದು ನಮ್ಮೂರಿನಲ್ಲಿ ಕೇಳಿದರೆ ನಗುತ್ತಾರೆ. ಮೂವತ್ತೆಂಟು ವರ್ಷ ಹಾಲಿನ ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಂಡವನು, ಊರಿನ ಚರಿತ್ರೆಯ ಸಂಘಕ್ಕೆ ಅಧ್ಯಕ್ಷ. ಜರ್ಮನರ ಕೈಯಿಂದ ಊರನ್ನು ಬಿಡಿಸಿದ್ದು ಯಾವ ಸೈನ್ಯ ಎಂದು ಪತ್ತೆ ಹಚ್ಚಿ ಪುಸ್ತಕ ಬರೆದವನು. ೧೯೪೪ರ ಅಕ್ಟೋಬರ್ ಇಪ್ಪತ್ತೆಂಟರ ಮಧ್ಯಾಹ್ನ ಸ್ಕಾಟಿಷ್ ಸಿಪಾಯಿಗಳು ಬಂದರು. ಚರ್ಚಿನ ಮುಂದೆ ಒಬ್ಬ ಲಂಗ ತೊಟ್ಟು ಚೀಲದ ವಾದ್ಯ ಊದುತ್ತಿರುವ ಫೋಟೋ ಇದೆ. ಆಮೇಲೆ ಹದಿನಾರು ದಿನ ಇಲ್ಲೇ ಇದ್ದರು, ಮಕ್ಕಳಿಗೆ ಚಾಕೊಲೇಟು ಹಂಚಿದರು, ಕುಣಿದರು, ಊರಿನ ಇಬ್ಬರು ಹುಡುಗಿಯರನ್ನು ಮದುವೆಯೂ ಆದರು. ಪ್ರತಿ ಅಕ್ಟೋಬರ್ ಇಪ್ಪತ್ತೆಂಟಕ್ಕೆ ಶೆಫ್ ಚರ್ಚಿನ ಮುಂದೆ ಹೂವಿಟ್ಟು ಭಾಷಣ ಮಾಡುತ್ತಾನೆ. ಅವನು ಹುಟ್ಟಿದ್ದು ಅದೇ ೧೯೪೪ರ ಅಕ್ಟೋಬರ್ ಇಪ್ಪತ್ತೇಳರ ನಸುಕಿನಲ್ಲಿ, ಶೆಲ್ ಬೀಳುತ್ತಿದ್ದಾಗ, ಮನೆಯ ನೆಲಮಾಳಿಗೆಯಲ್ಲಿ. "ನಾನು ಸ್ವಾತಂತ್ರ್ಯಕ್ಕಿಂತ ಒಂದು ದಿನ ದೊಡ್ಡವನು!" ಎಂದು ಶುರು ಮಾಡುತ್ತಾನೆ. ಊರವರು ಪ್ರತಿ ವರ್ಷವೂ ನಗುತ್ತಾರೆ.

ಈಗ ಎಂಬತ್ತನೆಯ ವರ್ಷ. ಚರ್ಚಿನ ಮುಂದೆ ಒಂದು ಕಲ್ಲು ನಿಲ್ಲಿಸುವುದೆಂದೂ ಅದರ ಮೇಲೆ ದಿನಾಂಕ, ಸೈನ್ಯದ ಹೆಸರು ಕೆತ್ತಿಸುವುದೆಂದೂ ತೀರ್ಮಾನವಾಗಿತ್ತು. ಏನು ಕೆತ್ತಬೇಕೆಂದು ಸಂಘ ಗುರುವಾರ ಕೈಯೆತ್ತಿ ಹೇಳಬೇಕು. ಆ ಕಲ್ಲಿನ ಮೇಲೆ ಬರುವುದು ತನ್ನ ಪುಸ್ತಕದ ವಾಕ್ಯವೇ ಎಂದು ಶೆಫ್ ಎಂದೋ ಹಿಗ್ಗಿಬಿಟ್ಟಿದ್ದ. ಅಷ್ಟರಲ್ಲಿ ಈ ಹೆಂಗಸು ಬಂದು ಒಂದು ಪ್ರಶ್ನೆ ಕೇಳಿದಳು.

ಪಕ್ಕದೂರಿನ ಸ್ಮಶಾನದಲ್ಲಿ ಮೂವರು ಪೋಲಿಷ್ ಸಿಪಾಯಿಗಳ ಗೋರಿಗಳಿವೆ. ಮೂರರ ಮೇಲೂ ಅಕ್ಟೋಬರ್ ಇಪ್ಪತ್ತೇಳು. "ಪಕ್ಕದೂರು ಬಿಡುಗಡೆ ಆಗಿದ್ದು ಮೂವತ್ತಕ್ಕೆ," ಎಂದು ಅವಳು ಕೇಳಿದ್ದಳು, "ನಿಮ್ಮೂರು ಇಪ್ಪತ್ತೆಂಟಕ್ಕೆ. ಹಾಗಾದ್ರೆ ಇಪ್ಪತ್ತೇಳಕ್ಕೆ ಈ ಮೂರು ಹುಡುಗರು ಎಲ್ಲಿ, ಯಾರ ಜೊತೆ ಹೊಡೆದಾಡಿ ಸತ್ರು?"

ಈಗ ಅವಳು ಲಂಡನ್ನಿನ ಕಾಗದವನ್ನು ಮೇಜಿನ ಮೇಲೆ ಬಿಡಿಸಿದಳು. "ಇಪ್ಪತ್ತೇಳರ ಬೆಳಗಿನ ಜಾವ ಪೋಲಿಷ್ ಟ್ಯಾಂಕ್ ದಳ ಕಾಲುವೆ ದಾಟಿದೆ. ಊರಿನ ಹೆಸರು ಬರ್ದಿಲ್ಲ, ನಕ್ಷೆಯ ಅಂಕಿ ಮಾತ್ರ, ಅದು ಬೀಳೋದು ಈ ಊರಿನ ಮೇಲೇ. ಮಧ್ಯಾಹ್ನಕ್ಕೆ ಮುಂದೆ ಹೋಗಿದ್ದಾರೆ. ಅವ್ರು ಹಾಕಿದ್ದು ಇಂಗ್ಲಿಷ್ ಸಮವಸ್ತ್ರ, ಓಡಿಸಿದ್ದು ಇಂಗ್ಲಿಷ್‌ನೋರು ಕೊಟ್ಟ ಟ್ಯಾಂಕು. ನೆಲಮಾಳಿಗೆಯಿಂದ ತಲೆ ಹೊರಗೆ ಹಾಕಿದ ಜನಕ್ಕೆ ಎಲ್ಲರೂ ಇಂಗ್ಲಿಷ್‌ನೋರ ಥರಾನೇ ಕಂಡಿದ್ದಾರೆ. ಮಾರನೇ ದಿನ ಬಂದೋರು ಹದಿನಾರು ದಿನ ಉಳಿದ್ರು. ಉಳಿದೋರ ನೆನಪು ಉಳೀತು."

"ಪಾಪ ಅಲ್ವೇನೋ?" ಎಂದಳು ರೀಟ್.

"ಊರವರ ಕೈಬರಹದ ಒಂದು ತುಂಡು ಕಾಗದ ತಂದ್ಕೊಡಿ, ನಂಬ್ತೀನಿ," ಎಂದ ಶೆಫ್. "ಅಂಕಿ ಬೇಕಾದ್ರೆ ನಾನೂ ಬರೀತೀನಿ."

ಅವನ ಪುಸ್ತಕವನ್ನು ಟೈಪ್ ಮಾಡಿಕೊಟ್ಟವಳು ರೀಟ್. ರಾತ್ರಿ ಊಟವಾದ ಮೇಲೆ ಅವನು ಓದುತ್ತಿದ್ದರೆ ಹೆಣಿಗೆ ಕೆಳಗಿಟ್ಟು ಕೇಳುತ್ತಿದ್ದವಳು. ಅದೇ ಮುಖವನ್ನು, ಅದೇ ಅರ್ಧ ತೆರೆದ ಬಾಯನ್ನು ಅವಳು ಈಗ ಬೊಝೆನಾಳ ಕಡೆಗೆ ತಿರುಗಿಸಿದ್ದಳು. ಎಂಬತ್ತು ವರ್ಷದ ಗಂಡಸಿಗೆ ಇಂಥದ್ದಕ್ಕೆ ಹೊಟ್ಟೆಕಿಚ್ಚೇ ಎಂದು ನೀವು ಕೇಳಬಹುದು. ಅವನಿಗೆ ಕಣ್ಣಲ್ಲಿ ಖಾರ ಬಿದ್ದ ಹಾಗಾಗಿತ್ತು.

ಮಾರನೆಯ ದಿನ ಅವನ ಅಕ್ಕ ದ್ರೀಕಾಳನ್ನು ವೃದ್ಧಾಶ್ರಮದ ಮೇಲಿನ ಮಹಡಿಯಿಂದ ಕೆಳಗಿನ ಕೋಣೆಗೆ ಸಾಗಿಸುವುದಿತ್ತು. ದ್ರೀಕಾಳಿಗೆ ಎಂಬತ್ತೊಂಬತ್ತು. ಶೆಫ್‌ಗೆ ಆರು ವರ್ಷವಿದ್ದಾಗ ತಾಯಿ ಹೋದಳು. ಹದಿನೈದರ ದ್ರೀಕಾ ಹೊಲಿಗೆ ಕಲಿಯುವುದನ್ನು ಬಿಟ್ಟು ಮನೆಗೆ ಬಂದು ಅವನನ್ನು ಸಾಕಿದಳು. ಮದುವೆ ಆಗಲಿಲ್ಲ. ಆ ವಿಷಯ ಅವಳು ಎತ್ತುವುದಿಲ್ಲ, ಆದರೆ ಅವನ ಹುಟ್ಟುಹಬ್ಬದ ದಿನ ಅವಳಿಗೆ ಯಾವಾಗಲೂ ತಲೆನೋವು ಬರುತ್ತದೆ.

ಅವಳು ಊಟಕ್ಕೆ ಹೋಗಿದ್ದಾಗ ಶೆಫ್ ಕಪಾಟು ಖಾಲಿ ಮಾಡಿದ. ಮೇಜುಬಟ್ಟೆಗಳ ಅಡಿಯಲ್ಲಿ ಒಂದು ಪುಟ್ಟ ಪುಸ್ತಕ ಸಿಕ್ಕಿತು. ಅವಳ ಆಟೋಗ್ರಾಫ್ ಪುಸ್ತಕ. ಆಗಿನ ಹುಡುಗಿಯರೆಲ್ಲ ಇದನ್ನು ಹಿಡಿದುಕೊಂಡು ಓಡಾಡುತ್ತಿದ್ದರು. ಗೆಳತಿಯರು, ಚಿಕ್ಕಮ್ಮಂದಿರು, ಶಾಲೆಯ ಸನ್ಯಾಸಿನಿಯರು ಒಂದೊಂದು ಪುಟದಲ್ಲಿ ಪದ್ಯ ಬರೆದು ಹೂವಿನ ಚಿತ್ರ ಅಂಟಿಸಿಕೊಡುತ್ತಿದ್ದರು. ಚಿಕ್ಕವನಿದ್ದಾಗ ಇದನ್ನು ಮುಟ್ಟಿದ್ದಕ್ಕೆ ಅವಳು ಅವನ ಕೆನ್ನೆಗೆ ಬಾರಿಸಿದ್ದಳು. "ಹೆಣ್ಣುಮಕ್ಕಳ ಪುಸ್ತಕ, ನಿಂಗ್ಯಾಕೆ?"

ಈಗ ತಡೆಯುವವರು ಯಾರೂ ಇರಲಿಲ್ಲ. ಅವನು ಪುಟ ತಿರುವಿದ. ಗುಲಾಬಿ, ಪಾರಿವಾಳ, ದೇವದೂತರು. ನಡುವೆ ಒಂದು ಪುಟದಲ್ಲಿ ಚಿತ್ರವಿರಲಿಲ್ಲ. ನೇರಳೆ ಬಣ್ಣದ ಪೆನ್ಸಿಲ್ಲಿನಲ್ಲಿ, ವಾಲಿದ ಅಕ್ಷರದಲ್ಲಿ ಹತ್ತು ಹನ್ನೆರಡು ಸಾಲು. ಮೇಲೆ 'ದ್ರೀಕಾ' ಎಂಬ ಹೆಸರು, ಪಕ್ಕದಲ್ಲಿ ದಿನಾಂಕ: ೨೭ ಅಕ್ಟೋಬರ್ ೧೯೪೪. ಭಾಷೆ ಡಚ್ ಅಲ್ಲ, ಇಂಗ್ಲಿಷ್ ಅಲ್ಲ. ಕೆಳಗೆ ಸಹಿ, ಊರಿನ ಹೆಸರು, ಗಂಟೆ, ಮತ್ತು ಒಂದು ಸೈನ್ಯದಳದ ಗುರುತು. ಮೂವತ್ತು ವರ್ಷ ಇಂಥ ಗುರುತುಗಳ ಹಿಂದೆಯೇ ಅಲೆದವನಿಗೆ ಅದನ್ನು ಯಾರೂ ಓದಿ ಹೇಳಬೇಕಾಗಿರಲಿಲ್ಲ. ಪೋಲಿಷ್ ಟ್ಯಾಂಕ್ ದಳ, ವೆಲ್ಡ್‌ಹೌಟ್, ಬೆಳಿಗ್ಗೆ ಏಳೂವರೆ.

ಶೆಫ್ ಖಾಲಿ ಕಪಾಟಿನ ಮುಂದೆ ಕೂತುಬಿಟ್ಟ. ಊರೂರು ಸುತ್ತಿ, ಸಮುದ್ರ ದಾಟಿ ಹುಡುಕಿದ್ದ ಕಾಗದ ತನ್ನ ಅಕ್ಕನ ಮೇಜುಬಟ್ಟೆಯ ಕೆಳಗಿತ್ತು. ಅವಳು ತನಗೆ ತೋರಿಸಲಿಲ್ಲ. ಸಿಕ್ಕಿದ್ದೂ ಆ ಅಣಬೆಯವಳನ್ನು ಗೆಲ್ಲಿಸುವುದಕ್ಕೆ. ಅವನು ಪುಸ್ತಕವನ್ನು ತನ್ನ ಚೀಲಕ್ಕೆ ಹಾಕಿಕೊಂಡ.

ಗುರುವಾರದ ಸಭೆ ಬ್ಯಾಂಡಿನವರ ಕೊಠಡಿಯಲ್ಲಿ ನಡೆಯಿತು. ಬೊಝೆನಾ ಚೆನ್ನಾಗಿಯೇ ಮಾತಾಡಿದಳು. ಅವಳ ಡಚ್ ಭಾಷೆಯಲ್ಲಿ ಶೆಫ್‌ನ ಭಾಷೆಗಿಂತ ತಪ್ಪು ಕಡಿಮೆ. ಕೊನೆಗೆ ಕಟುಕ ಟೂನ್ ಕೇಳಿದ: "ಎಲ್ಲಾ ಸರಿ ಕಣಮ್ಮ, ಆದ್ರೆ ನಮ್ಮೂರಿಂದೇ ಒಂದು ಸಾಕ್ಷಿ ಇದೆಯಾ? ಒಂದು ಚೀಟಿ, ಒಂದು ಫೋಟೋ?"

"ಇಲ್ಲ," ಎಂದಳು ಬೊಝೆನಾ.

ಶೆಫ್‌ನ ಚೀಲ ಅವನ ಕಾಲಿನ ಹತ್ತಿರವೇ ಇತ್ತು. ಪಟ್ಟಿಯನ್ನು ಪಾದಕ್ಕೆ ಸುತ್ತಿಕೊಂಡಿದ್ದ, ಅದು ಎಲ್ಲಿ ಎದ್ದು ಓಡಿಹೋಗುತ್ತದೋ ಅನ್ನುವ ಹಾಗೆ. ಕೈಯೆತ್ತಿಸಿದರು. ಸ್ಕಾಟಿಷ್‌ನವರಿಗೆ ಹನ್ನೊಂದು, ಪೋಲಿಷ್‌ನವರಿಗೆ ನಾಲ್ಕು. ನಾಲ್ಕರಲ್ಲಿ ಒಂದು ಕೈ ರೀಟಳದು.

ಹೊರಗೆ ಬೊಝೆನಾ ಅವನ ಕೈ ಕುಲುಕಿದಳು. "ಬೇಜಾರಿಲ್ಲ ಶೆಫ್ ಅವರೇ. ನಿಮ್ಮ ಪುಸ್ತಕ ಇಲ್ದಿದ್ರೆ ಎಲ್ಲಿಂದ ಶುರು ಮಾಡ್ಬೇಕು ಅಂತ್ಲೇ ನಂಗೆ ಗೊತ್ತಾಗ್ತಿರ್ಲಿಲ್ಲ." ಒಂದು ಬೈಗುಳ ಬೈದಿದ್ದರೆ ಅವನಿಗೆ ನಿದ್ದೆಯಾದರೂ ಬರುತ್ತಿತ್ತೇನೋ.

ಬೆಳಿಗ್ಗೆ ರೀಟ್ ಅವನ ಮುಂದೆ ಕಾಫಿ ಕುಕ್ಕಿದಳು. "ಗೆದ್ಯಲ್ಲ, ಇನ್ಯಾಕೆ ಹರಳೆಣ್ಣೆ ಕುಡಿದೋರ ಥರ ಮುಖ?"

"ನೀನು ಅವಳ ಕಡೆ ಕೈ ಎತ್ತಿದೆ."

"ಎತ್ತಿದೆ. ಅವಳು ಹೇಳಿದ್ದು ಸರಿ ಅನ್ನಿಸ್ತು. ನಿಂಗೂ ಅನ್ಸಿದೆ. ನಿನ್ನ ಕಿವಿ ಕೆಂಪಗಾಗಿತ್ತು, ನೋಡಿದೆ ನಾನು."

ಆ ಪುಟದಲ್ಲಿ ಏನಿದೆ ಎಂಬುದು ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಿನಂತೆ ಅವನನ್ನು ಕೊರೆಯುತ್ತಿತ್ತು. ಅನುವಾದ ಮಾಡಿಕೊಡುತ್ತದೇನೋ ಎಂದು ಮೊಬೈಲನ್ನು ಅದರ ಮೇಲೆ ಹಿಡಿದು ನೋಡಿದ. ಆ ವಾಲಿದ ಕೈಬರಹ ಅದಕ್ಕೆ ದಕ್ಕಲಿಲ್ಲ. 'ಸಿಟ್ಟು' ಎಂದಿತು, 'ಹಂದಿಗಳು' ಎಂದಿತು, ಆಮೇಲೆ ಸುಮ್ಮನಾಯಿತು. ಯಾರಿಗೆ ಸಿಟ್ಟು? ಯಾವ ಹಂದಿ? ನಮ್ಮೂರಿನಲ್ಲಿ ಹಳೆಯ ಪೋಲಿಷ್ ಬರಹ ಓದಬಲ್ಲವರು ಒಬ್ಬರೇ.

ಶನಿವಾರ ಅವನು ಗ್ರಂಥಾಲಯಕ್ಕೆ ಹೋಗಿ, ಮೇಲಿನ ದಿನಾಂಕದ ಮೇಲೊಂದು, ಕೆಳಗಿನ ಸಹಿಯ ಮೇಲೊಂದು ಕಾಗದದ ಪಟ್ಟಿ ಇಟ್ಟು ಪುಟವನ್ನು ಜೆರಾಕ್ಸ್ ಮಾಡಿಸಿದ. ಎಂಬತ್ತನೇ ವಯಸ್ಸಿನಲ್ಲಿ ಇಂಥ ಕಳ್ಳಬುದ್ಧಿ! ಅದನ್ನು ಜೇಬಿನಲ್ಲಿಟ್ಟುಕೊಂಡು ಅಣಬೆ ಶೆಡ್ಡಿಗೆ ಹೋದ. ಬೊಝೆನಾ ಬಿಳಿ ಟೋಪಿ ಹಾಕಿಕೊಂಡು ಪೆಟ್ಟಿಗೆಗಳ ನಡುವೆ ನಿಂತಿದ್ದಳು. ಒದ್ದೆ ಗೊಬ್ಬರದ ವಾಸನೆ ಮೂಗಿಗೆ ಹೊಡೆಯಿತು.

"ಒಂದು ಹರಾಜಿನಲ್ಲಿ ಸಿಕ್ತು," ಎಂದ. "ಯಾವ ಊರಿಂದೋ ಏನೋ. ಏನು ಬರ್ದಿದೆ ಸ್ವಲ್ಪ ನೋಡ್ತೀರಾ?"

ಅವಳು ಕೈ ಒರೆಸಿಕೊಂಡು ತೆಗೆದುಕೊಂಡಳು. ಓದುತ್ತ ಮೊದಲು ನಕ್ಕಳು. ಆಮೇಲೆ ನಗು ನಿಂತಿತು. ಕಾಗದವನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ಓದಿದಳು, ತೋಳಿನಿಂದ ಕಣ್ಣು ಒರೆಸಿಕೊಂಡಳು.

"ಏನಂತೆ?"

"ಇದು ದ್ರೀಕಾ ಅನ್ನೋ ಹುಡುಗಿಗೆ ಬರ್ದಿದ್ದು. ನಿಮ್ಮ ಅಕ್ಕನ ಹೆಸರೂ ಅದೇ ಅಲ್ವಾ?"

"ಆ ಕಾಲದಲ್ಲಿ ಬೀದಿಗೆ ನಾಲ್ಕು ಜನ ದ್ರೀಕಾ ಇದ್ರು."

"ಕೆಳಗೆ ಸಹಿ ಇರ್ಬೇಕಿತ್ತಲ್ಲ?"

"ಹರಿದುಹೋಗಿತ್ತು."

ಅವಳು ಅವನ ಮುಖ ನೋಡಿದಳು. ಕಾಗದ ಮಡಚಿ ವಾಪಸ್ಸು ಕೊಟ್ಟಳು. "ಬೇರೆಯವರಿಗೆ ಬರ್ದಿದ್ದನ್ನ ನಾನು ನಿಮ್ಗೆ ಓದಿ ಹೇಳಲ್ಲ ಶೆಫ್ ಅವರೇ. ನಾಳೆ ನಿಮ್ಮ ಅಕ್ಕನ್ನೇ ಕೇಳ್ತೀನಿ. ಹೇಗೂ ಹೋಗ್ತೀನಲ್ಲ."

"ಎಲ್ಲಿಗೆ?"

"ಅವರ ಹತ್ರ. ಭಾನುವಾರ ಭಾನುವಾರ ಅಣಬೆ ಸೂಪ್ ತಗೊಂಡು ಹೋಗ್ತೀನಿ. ಅವ್ರು ಹೇಳಿಲ್ವಾ?"

ದ್ರೀಕಾ ಹೇಳಿರಲಿಲ್ಲ. ಮೊದಲು ಊರು, ಆಮೇಲೆ ಹೆಂಡತಿ, ಈಗ ಅಕ್ಕ. ಶೆಫ್ ಸೈಕಲ್ ಹತ್ತಿ ಬರುವಾಗ ಎದುರು ಬಂದ ಟೂನ್ ಕೈ ಬೀಸಿದರೆ ಅದೂ ಕಾಣಲಿಲ್ಲ.

ಭಾನುವಾರ ಅವನು ಬೇಗನೆ ಹೊರಟ. ಬೊಝೆನಾ ಬರುವುದರೊಳಗೆ ಪುಸ್ತಕವನ್ನು ಹೊಸ ಕೋಣೆಯ ಕಪಾಟಿಗೆ ಸೇರಿಸಿಬಿಟ್ಟರೆ ತಾನು ಕದ್ದದ್ದಾದರೂ ಮುಚ್ಚಿಹೋಗುತ್ತದೆ. ದ್ರೀಕಾ ಅದನ್ನು ಯಾರಿಗೂ ತೋರಿಸುವವಳಲ್ಲ. ಅವಳು ಕಣ್ಣು ಮುಚ್ಚುವ ತನಕ ಪುಟ ಹಾಗೇ ಇರಲಿ, ಕಲ್ಲು ಅಷ್ಟರಲ್ಲಿ ನಿಂತಿರುತ್ತದೆ. ಹೀಗೆ ಲೆಕ್ಕ ಹಾಕುತ್ತ ಬಾಗಿಲು ತೆರೆದರೆ ಬೊಝೆನಾ ಆಗಲೇ ಮಂಚದ ಅಂಚಿನಲ್ಲಿ ಕೂತು ಸೂಪ್ ಬಗ್ಗಿಸುತ್ತಿದ್ದಳು. ದ್ರೀಕಾ ಕುರ್ಚಿಯಲ್ಲಿ ಕೂತು ಚಮಚ ಎತ್ತಿಹಿಡಿದಿದ್ದಳು.

"ನಮ್ಮ ಶೆಫ್ ಬಂದ," ಎಂದಳು. "ನಿಂಗೆ ಸೂಪ್ ಇಲ್ಲ. ನಂಗೆ ತಂದಿದ್ದು ಇದು."

"ಬೇಡ."

ಬೊಝೆನಾ ಬಟ್ಟಲನ್ನು ಅವಳ ತೊಡೆಯ ಮೇಲಿಟ್ಟಳು. "ದ್ರೀಕಾ ಅಮ್ಮ, ಒಂದು ಕೇಳ್ತೀನಿ. ನೀವು ಚಿಕ್ಕವರಿದ್ದಾಗ ಯಾರಾದ್ರೂ ಸಿಪಾಯಿ ನಿಮ್ಗೆ ಏನಾದ್ರೂ ಬರ್ದು ಕೊಟ್ಟಿದ್ರಾ?"

ದ್ರೀಕಾಳ ಚಮಚ ನಿಂತಿತು. "ಯಾರು ಹೇಳಿದ್ರು ನಿಂಗೆ?"

"ಯಾರೂ ಇಲ್ಲ. ಸುಮ್ನೆ ಕೇಳಿದೆ."

ದ್ರೀಕಾ ಚಮಚವನ್ನು ಬಟ್ಟಲಿಗೆ ಇಳಿಸಿದಳು. ಆಮೇಲೆ ಅವಳ ಮುಖ ಅರಳಿತು. ಶೆಫ್ ಆ ಮುಖವನ್ನು ಎಂದೂ ಕಂಡಿರಲಿಲ್ಲ. "ಬರ್ದಿದ್ದ. ಒಬ್ಬ ಇಂಗ್ಲಿಷ್ ಸಿಪಾಯಿ. ನನ್ನೋನು ಅವನು. ಇವನು ಹುಟ್ಟಿದ್ದ ಅವತ್ತು. ಅಮ್ಮ, ಅಜ್ಜಿ, ಪಕ್ಕದ ಮನೆಯೋರು, ಎಲ್ಲಾ ಇವನ ಸುತ್ತಾನೇ. ನಾನು ಮೆಟ್ಟಿಲ ಮೇಲೆ ಕೂತು ಅತ್ತೆ ಅತ್ತೆ, ಯಾರೂ ತಿರುಗಿ ನೋಡ್ಲಿಲ್ಲ. ಅವನು ಬಂದು ನನ್ನ ಪಕ್ಕ ಕೂತ್ಕೊಂಡ. ನನ್ನ ಪುಸ್ತಕ ಇಸ್ಕೊಂಡು ಬರ್ದ. ನಂಗೆ ಮಾತ್ರ ಬರ್ದ."

"ಏನು ಬರ್ದಿದ್ದ?"

"ಇಂಗ್ಲಿಷು ನಂಗೆಲ್ಲಿ ಬರತ್ತೆ? ಯಾರ ಹತ್ರಾನೂ ಓದಿಸ್ಲಿಲ್ಲ. ಓದಿಸಿದ್ರೆ ಅದು ಎಲ್ಲರದೂ ಆಗ್ಬಿಡತ್ತೆ." ಅವಳು ಬೊಝೆನಾಳ ಕೈ ಹಿಡಿದಳು. "ನೀನು ಓದು. ನೀನು ಬೇರೆಯವಳು, ನೀನು ಯಾರಿಗೂ ಹೇಳಲ್ಲ. ಕಪಾಟಲ್ಲಿದೆ, ಮೇಜುಬಟ್ಟೆ ಕೆಳಗೆ. ಶೆಫ್, ನೀನು ಆಚೆ ಹೋಗು."

ಶೆಫ್ ಕದಲಲಿಲ್ಲ. ಬೊಝೆನಾ ಕಪಾಟು ತೆರೆದಳು. ಒಂದೊಂದೇ ಬಟ್ಟೆ ಎತ್ತಿದಳು.

"ಇಲ್ವಲ್ಲ ದ್ರೀಕಾ ಅಮ್ಮ."

"ಸರಿಯಾಗಿ ನೋಡು. ನೀಲಿ ರಟ್ಟು."

"ಇಲ್ಲ."

ದ್ರೀಕಾ ಕುರ್ಚಿಯ ತೋಳು ಹಿಡಿದು ಎದ್ದೇಳಲು ನೋಡಿದಳು, ಆಗಲಿಲ್ಲ. "ಮೇಲಿಂದ ಕೆಳಗೆ ತರೋವಾಗ ಎಸೆದ್ರು! ಅಯ್ಯೋ, ಹಳೇದು ಅಂತ ಎಸೆದೇಬಿಟ್ರು!" ಸೂಪಿನ ಬಟ್ಟಲು ಉರುಳಿ ಅವಳ ಲಂಗದ ಮೇಲೆ ಚೆಲ್ಲಿತು, ಅದೂ ಅವಳಿಗೆ ತಿಳಿಯಲಿಲ್ಲ. ಬೊಝೆನಾ ಒರೆಸಲು ಬಗ್ಗಿದಳು. ಅವಳು ಶೆಫ್‌ನ ಕಡೆಗೆ ಒಂದು ಸಲವೂ ನೋಡಲಿಲ್ಲ.

ಸುಮ್ಮನಿದ್ದರೆ ಮುಗಿಯಿತು. ಪುಸ್ತಕ ಕಳೆದುಹೋಯಿತು, ಅಷ್ಟೇ. ಶೆಫ್ ಚೀಲದ ಗುಂಡಿ ಬಿಚ್ಚಿದ.

"ನನ್ಹತ್ರ ಇದೆ."

"ಕದ್ಯಾ?" ಎಂದಳು ದ್ರೀಕಾ.

"ಹೂಂ."

ಅವಳು ಪುಸ್ತಕವನ್ನು ಕಿತ್ತುಕೊಂಡು ಎದೆಗೊತ್ತಿಕೊಂಡಳು. "ಇದನ್ನೂ ಬಿಡ್ಲಿಲ್ಲ ನೀನು. ಇದೊಂದಾದ್ರೂ ಬಿಡ್ಬಾರ್ದಿತ್ತಾ?" ಆಮೇಲೆ ಅವಳು ಹುಡುಕದೆಯೇ ಆ ಪುಟ ತೆರೆದು ಬೊಝೆನಾಳ ಮುಂದೆ ಹಿಡಿದಳು.

ಬೊಝೆನಾಳ ಬೆರಳು ದಿನಾಂಕದ ಮೇಲೆ ನಿಂತಿತು. ಕೆಳಗಿನ ಗುರುತಿನತ್ತ ಜಾರಿತು. ಅವಳ ಕತ್ತಿನ ತನಕ ಕೆಂಪೇರಿತು. ಆದರೂ ಒಂದೊಂದೇ ಸಾಲನ್ನು ಡಚ್‌ಗೆ ತಿರುಗಿಸುತ್ತ ನಿಧಾನವಾಗಿ ಓದಿದಳು.

"ಪುಟ್ಟ ದ್ರೀಕಾಗೆ. ಇವತ್ತು ನಿನಗೆ ತಮ್ಮ ಹುಟ್ಟಿದ್ದಾನೆ, ಅದಕ್ಕೆ ನಿನಗೆ ಸಿಟ್ಟು. ನನಗೂ ತಮ್ಮ ಹುಟ್ಟಿದಾಗ ಸಿಟ್ಟು ಬಂದು ದೊಡ್ಡಿಗೆ ಹೋಗಿ ಹಂದಿಗಳ ಜೊತೆ ಮಲಗಿದ್ದೆ. ಈಗ ಐದು ವರ್ಷದಿಂದ ಅವನ ಸುದ್ದಿ ಇಲ್ಲ. ಇವತ್ತು ನಿನ್ನ ತಮ್ಮನನ್ನು ಎತ್ತಿಕೊಂಡೆ. ಮೈಯೆಲ್ಲ ಕೆಂಪು, ದೊಡ್ಡ ಕಿವಿ. ನನ್ನ ಬಂದೂಕಿಗಿಂತ ಹಗುರ. ಅವನನ್ನು ಚೆನ್ನಾಗಿ ನೋಡಿಕೋ. ನಿನ್ನ ಜಡೆ ಚೆನ್ನಾಗಿದೆ."

ಅಲ್ಲಿಗೆ ನಿಲ್ಲಿಸಿದಳು.

"ಕೆಳಗಿಂದೂ ಓದಮ್ಮ," ಎಂದ ಶೆಫ್. ಅವಳನ್ನು ಅವನು ಅಮ್ಮಾ ಎಂದು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ಅವಳು ಹೆಸರು ಓದಿದಳು, ದಳ ಓದಿದಳು. ವೆಲ್ಡ್‌ಹೌಟ್, ಇಪ್ಪತ್ತೇಳು, ಬೆಳಿಗ್ಗೆ ಏಳೂವರೆ.

"ನಾಳೆ ಟೂನ್‌ಗೆ ಹೇಳ್ತೀನಿ," ಎಂದ ಶೆಫ್. "ಕಲ್ಲು ಕೆತ್ತೋನಿಗೂ. ಹಾಳಾಗ್ಹೋಗ್ಲಿ, ನೀನೇ ಗೆದ್ದೆ." ಹೇಳಿದರೂ ಉರಿ ಆರಲಿಲ್ಲ.

ದ್ರೀಕಾ ಇದಾವುದನ್ನೂ ಕೇಳಿಸಿಕೊಂಡಿರಲಿಲ್ಲ. ಇಂಗ್ಲಿಷ್‌ನವನೋ ಪೋಲೆಂಡಿನವನೋ ಅವಳಿಗೆ ಬೇಕಾಗಿರಲಿಲ್ಲ. ಪುಟವನ್ನೇ ದಿಟ್ಟಿಸುತ್ತಿದ್ದಳು.

"ಅಷ್ಟೇನಾ?" ಎಂದಳು. "ಎಂಬತ್ತು ವರ್ಷ ಬಚ್ಚಿಟ್ಕೊಂಡೆ. ನನ್ನ ಬಗ್ಗೆ ಬರ್ದಿದಾನೆ ಅಂದ್ಕೊಂಡಿದ್ದೆ." ತಮ್ಮನ ಕಡೆ ತಿರುಗಿದಳು. "ಇಲ್ಲೂ ನೀನೇ."

"ದ್ರೀಕಾ..."

"ನೋಡಿಕೋ ಅಂತೆ. ಓದಿಸ್ದೇನೇ ನೋಡ್ಕೊಂಡೆನಲ್ಲೋ."

ಶೆಫ್ ಹಿಂದೆ ಸರಿದು ಬಾಗಿಲಿನ ಚೌಕಟ್ಟಿಗೆ ಒರಗಿ ನಿಂತ. ಹಜಾರದಲ್ಲಿ ಯಾರೋ ತಟ್ಟೆಗಳ ಗಾಡಿ ತಳ್ಳಿಕೊಂಡು ಹೋದರು.

"ಇನ್ನೊಂದ್ಸಲ ಓದು," ಎಂದಳು ದ್ರೀಕಾ ಬೊಝೆನಾಳಿಗೆ. "ಇವನನ್ನ ಬಿಟ್ಟು ಓದು."

ಬೊಝೆನಾ ಶೆಫ್‌ನತ್ತ ನೋಡಿದಳು. ಅವನು ತಲೆಯಾಡಿಸಿದ.

"ಪುಟ್ಟ ದ್ರೀಕಾಗೆ," ಎಂದು ಓದಿದಳು. ಅವಳ ಬೆರಳು ಸಾಲು ಸಾಲನ್ನೇ ದಾಟುತ್ತ ಪುಟದ ಕೆಳಗಿನ ತನಕ ಇಳಿಯಿತು. "ನಿನ್ನ ಜಡೆ ಚೆನ್ನಾಗಿದೆ."

ದ್ರೀಕಾಳ ಕೈ ಮೆಲ್ಲಗೆ ಮೇಲೆದ್ದು, ಕಿವಿಯ ಹಿಂದೆ ಉಳಿದಿದ್ದ ನಾಲ್ಕು ಬಿಳಿಯ ಕೂದಲನ್ನು ಮುಟ್ಟಿತು.

"ಇನ್ನೊಂದ್ಸಲ," ಎಂದಳು.